ಮಗುವಿನ ಕಂದು ಮಚ್ಚೆ: ಉಜ್ಜಿ ನೋಡೋದಾ, ಬಯಾಪ್ಸಿನಾ?

ಮಾಸ್ಟ್ ಸೆಲ್ ಚರ್ಮರೋಗ ಅಂದರೆ ಅಲರ್ಜಿ ಕೆರಳಿಸುವ ಮಾಸ್ಟ್ ಕೋಶಗಳು ಚರ್ಮದಲ್ಲಿ ಅತಿಯಾಗಿ ಸೇರುವುದು. ಅದರ ಅನುಮಾನ ಬಂದರೆ ಎರಡು ದಾರಿ. ಒಂದು, ಡಾಕ್ಟರ್ ಮಚ್ಚೆಯನ್ನು ಮೆಲ್ಲಗೆ ಉಜ್ಜಿ ನೋಡುವುದು. ರೋಗವಿದ್ದರೆ ಕೆಲವೇ ನಿಮಿಷದಲ್ಲಿ ಅದು ಕೆಂಪಾಗಿ, ಸೊಳ್ಳೆ ಕಚ್ಚಿದ ಹಾಗೆ ಉಬ್ಬುತ್ತದೆ. ಡೇರಿಯರ್ ಚಿಹ್ನೆ ಅಂದರೆ ಇದೇ. ಸೂಜಿ ಇಲ್ಲ, ಅಳು ಇಲ್ಲ. ಗಂಟು ದೊಡ್ಡದಿದ್ದರೆ ಮಾತ್ರ ಉಜ್ಜಬಾರದು, ಮೈಯೆಲ್ಲ ಕೆಂಪೇರಿ ಬಿಪಿ ಇಳಿಯಬಹುದು. ಮನೆಯಲ್ಲಂತೂ ಸುಮ್ನೆ ಕೆಣಕಬೇಡಿ.

ಇನ್ನೊಂದು ಬಯಾಪ್ಸಿ. ಮರಗಟ್ಟಿಸಿ ಚರ್ಮದ ಚೂರು ತೆಗೆಯುತ್ತಾರೆ. ಉಜ್ಜಿದರೂ ಖಾತ್ರಿಯಾಗದಿದ್ದಾಗ ಇದು ಬೇಕು. ನನಗೆ ಮೊದಲನೆಯದೇ ಸರಿ, ಜೊತೆಗೆ ಟ್ರಿಪ್ಟೇಸ್ (ಮಾಸ್ಟ್ ಕೋಶಗಳು ಬಿಡುವ ವಸ್ತು) ರಕ್ತಪರೀಕ್ಷೆ.

ತುರಿಕೆಗೆ? ಅಲರ್ಜಿ ಔಷಧಿಗಳಲ್ಲಿ ಹೈಡ್ರಾಕ್ಸಿಜಿನ್‌ಗೆ ನಿದ್ದೆ ಜಾಸ್ತಿ. ಶಾಲೆಗೆ ಹೋಗುವ ಮಗುವಾದರೆ ಸೆಟಿರಿಜಿನ್ ಬಗ್ಗೆ ಡಾಕ್ಟರನ್ನು ಕೇಳಿ. ಇನ್ನು ಕಲಬುರಗಿಯ ಮೇ ಬಿಸಿಲು ಗೊತ್ತಲ್ವಾ, ಸೆಖೆಗೇ ಮಚ್ಚೆ ಕೆರಳುತ್ತದೆ. ಸುಡುನೀರಿನ ಸ್ನಾನ ಬೇಡ, ಟವೆಲ್ ತಿಕ್ಕದೆ ಒತ್ತಿ ಒರೆಸಿ.