ಶುಗರ್, ಬಿಪಿ ರೋಗಿಗಳ ದಾಖಲೆ: ರಿಜಿಸ್ಟರಾ, ಎಕ್ಸೆಲ್ಲಾ, ಸಾಫ್ಟ್‌ವೇರಾ?

ಬನಶಂಕರಿಯಲ್ಲಿ ಸಣ್ಣ ಕ್ಲಿನಿಕ್ ಇಟ್ಟಿರುವವರು ಕೇಳಿದ್ದೀರಿ, ಮೂರರಲ್ಲಿ ಯಾವುದು ಅಂತ.

ಖರ್ಚಿಗೆ ರಿಜಿಸ್ಟರೇ ಅಗ್ಗ. ಸಾಫ್ಟ್‌ವೇರ್‌ಗೆ ಹೆಚ್ಚಾಗಿ ವರ್ಷ ವರ್ಷ ದುಡ್ಡು ಕಟ್ಟಬೇಕು, ರಿಸೆಪ್ಷನ್‌ನಲ್ಲಿ ಕೂರುವವರಿಗೆ ಕಲಿಸಲೂ ಬೇಕು.

ಆದರೆ ಅದಕ್ಕಿಂತ ಮುಖ್ಯ, ಯಾರು ಬರುವುದು ನಿಲ್ಲಿಸಿದ್ದಾರೆ ಅಂತ ನಿಮಗೆ ಗೊತ್ತಾಗಬೇಕು. ರಿಜಿಸ್ಟರ್‌ನಲ್ಲಿ ಬಂದವರ ಹೆಸರು ಮಾತ್ರ ಇರುತ್ತದೆ, ಔಷಧಿ ಬಿಟ್ಟು ಮನೆಯಲ್ಲಿ ಕೂತವರು ಕಾಣಿಸುವುದೇ ಇಲ್ಲ. ಎಕ್ಸೆಲ್‌ನಲ್ಲಿ ಒಬ್ಬರಿಗೆ ಒಂದು ಸಾಲು ಕೊಡಿ: ಕೊನೆಗೆ ಬಂದ ದಿನ, ಬಿಪಿ, ಎಚ್‌ಬಿಎ1ಸಿ. ಈ ಟೆಸ್ಟ್ ಹಿಂದಿನ 2-3 ತಿಂಗಳ ಸರಾಸರಿ ಶುಗರ್ ತೋರಿಸುತ್ತದೆ, ಹಾಗಾಗಿ ಹಿಂದಿನ ರಾತ್ರಿ ಉಪವಾಸ ಮಾಡಿ ಬಂದರೂ ನಿಜ ಗೊತ್ತಾಗುತ್ತದೆ. ಹಳೆಯ ತಾರೀಖು ಮೊದಲು ಬರುವಂತೆ ಜೋಡಿಸಿದರೆ ಯಾರಿಗೆ ಫೋನ್ ಮಾಡಬೇಕು ಅಂತ ಮೇಲೇ ಸಿಗುತ್ತದೆ. ನನಗಂತೂ ಇದೇ ದೊಡ್ಡ ಲಾಭ ಅನಿಸುತ್ತದೆ.

ರೋಗಿಗಳು ಬೇರೆ ಬೇರೆ ಆಸ್ಪತ್ರೆಗೂ ಹೋಗುವವರಾದರೆ ಆಭಾ (ಕೇಂದ್ರ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ಜೊತೆ ಜೋಡಿಸಿದ ಸಾಫ್ಟ್‌ವೇರ್ ಒಳ್ಳೆಯದು. 14 ಅಂಕಿಯ ಆ ನಂಬರ್ ಇದ್ದು, ರೋಗಿ ಒಪ್ಪಿದರೆ, ಆ ವ್ಯವಸ್ಥೆಗೆ ಸೇರಿದ ಬೇರೆ ಕಡೆಯ ವರದಿಯೂ ನೋಡಬಹುದು.

ಗುಟ್ಟಿನ ವಿಷಯದಲ್ಲಿ ಎಕ್ಸೆಲ್ಲೇ ಅಪಾಯ, ಸುಮ್ನೆ ವಾಟ್ಸಾಪ್‌ನಲ್ಲಿ ಕಳಿಸಿಬಿಡುತ್ತಾರಲ್ವಾ. ಪಾಸ್‌ವರ್ಡ್ ಹಾಕಿ.

ಒಬ್ಬರೇ ಡಾಕ್ಟರ್, ಪರಿಚಿತ ರೋಗಿಗಳು ಅಂದರೆ ಎಕ್ಸೆಲ್ ಸಾಕು. ಇಬ್ಬರು ಮೂವರು ಡಾಕ್ಟರ್ ಇದ್ದರೆ ಸಾಫ್ಟ್‌ವೇರ್ ನೋಡಿ. ಕರೆಂಟ್ ಹೋದಾಗ ಬರೆಯಲು ರಿಜಿಸ್ಟರ್ ಪಕ್ಕದಲ್ಲೇ ಇರಲಿ.