ವರ್ಚುವಲ್ ಪ್ರೊಡಕ್ಷನ್: ಮೊದಲು ಅನ್‌ರಿಯಲ್ಲೋ, ಟ್ರ್ಯಾಕಿಂಗೋ?

ವರ್ಚುವಲ್ ಪ್ರೊಡಕ್ಷನ್ ಎಂದರೆ ಕಂಪ್ಯೂಟರಿನಲ್ಲಿ ಕಟ್ಟಿದ ಹಿನ್ನೆಲೆಯನ್ನು ಚಿತ್ರೀಕರಣದ ಹೊತ್ತಿನಲ್ಲೇ ಕ್ಯಾಮೆರಾ ಚಲನೆಗೆ ಹೊಂದಿಸಿ ತೋರಿಸುವುದು. ಹಿನ್ನೆಲೆ ಕಟ್ಟುವುದು ಅನ್‌ರಿಯಲ್ ಎಂಬ ಗೇಮ್ ಎಂಜಿನ್‌ನಲ್ಲಿ; ನಿಜವಾದ ಕ್ಯಾಮೆರಾದ ಚಲನೆಯನ್ನು ಅದಕ್ಕೆ ತಿಳಿಸುವುದು ಟ್ರ್ಯಾಕಿಂಗ್. ಅನ್‌ರಿಯಲ್ ಎಂಜಿನ್ ಕಲಿಯಲು ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಕಿಲ್ಲ. ಆರ್‌ಟಿಎಕ್ಸ್ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಸಾಕು. ಟ್ರ್ಯಾಕಿಂಗ್‌ಗೆ ಅದರ ಜತೆ ಕ್ಯಾಮೆರಾ, ಅದಕ್ಕೆ ಕೂರಿಸುವ ವೈವ್ ಟ್ರ್ಯಾಕರ್, ಟ್ರ್ಯಾಕರಿನ ಸ್ಥಾನ ಗುರುತಿಸಲು ನೆರವಾಗುವ ಎರಡು ಬೇಸ್ ಸ್ಟೇಷನ್ ಬೇಕು. ಹಿನ್ನೆಲೆ ತೋರಿಸುವ ಎಲ್‌ಇಡಿ ಗೋಡೆ ಸದ್ಯಕ್ಕೆ ಬೇಡ, ಹಸಿರು ಪರದೆಯಲ್ಲೇ ಅಭ್ಯಾಸ ನಡೆಯುತ್ತದೆ.

ಅನ್‌ರಿಯಲ್‌ನಲ್ಲಿ ದೃಶ್ಯ ಕಟ್ಟುವುದು ಬೇಗ ಕೈಹತ್ತುತ್ತದೆ. ಅದನ್ನು ಸೆಕೆಂಡಿಗೆ 24 ಫ್ರೇಮ್ ತಪ್ಪದೆ ಓಡಿಸುವುದು ನಿಜವಾದ ಕೆಲಸ: ಒಂದು ಫ್ರೇಮಿಗೆ ಸಿಗುವುದು ಸುಮಾರು 41.7 ಮಿಲಿಸೆಕೆಂಡ್.

ಟ್ರ್ಯಾಕಿಂಗ್‌ನಲ್ಲಿ ತಪ್ಪು ತಕ್ಷಣ ಕಾಣುತ್ತದೆ, ಕಾರಣ ಮಾತ್ರ ಕಾಣುವುದಿಲ್ಲ. ಪ್ಯಾನ್ ಮಾಡುವಾಗ ಹಿನ್ನೆಲೆ ಜಾರಿದರೆ, ಟ್ರ್ಯಾಕರ್ ಕೂತ ಜಾಗಕ್ಕೂ ಲೆನ್ಸಿನ ನೋಡಲ್ ಬಿಂದುವಿಗೂ (ಲೆನ್ಸಿನ ನೋಟದ ಕೇಂದ್ರ) ಇರುವ ಅಂತರವನ್ನು ತಪ್ಪಾಗಿ ತುಂಬಿದ್ದೀರಾ ನೋಡಿ. ಕ್ಯಾಮೆರಾ ನಿಂತ ಮೇಲೂ ಹಿನ್ನೆಲೆ ಒಂದಿಷ್ಟು ಚಲಿಸಿ ನಿಂತರೆ ಅದು ಡಿಲೇ. ಜೆನ್‌ಲಾಕ್ (ಎಲ್ಲ ಉಪಕರಣಗಳ ಫ್ರೇಮನ್ನು ಒಟ್ಟಿಗೆ ನಡೆಸುವ ಸಂಕೇತ), ಟೈಮ್‌ಕೋಡ್ (ಪ್ರತಿ ಫ್ರೇಮಿನ ಸಮಯದ ಗುರುತು) ಪರೀಕ್ಷಿಸಿ. ಜೂಮ್ ಲೆನ್ಸನ್ನು ಹಲವು ಫೋಕಲ್ ಲೆಂತ್, ಹಲವು ಫೋಕಸ್‌ಗಳಲ್ಲಿ ಚೆಕರ್‌ಬೋರ್ಡ್ (ಚದುರಂಗದ ಹಲಗೆಯಂಥ ಫಲಕ) ಹಿಡಿದು ಅಳೆಯಬೇಕಾಗುತ್ತದೆ. ಅಷ್ಟು ತಾಳ್ಮೆ ಮೊದಲ ವಾರಕ್ಕೆ ಯಾರಿಗೂ ಇರದು, ಜೂಮ್ ಇಲ್ಲದ 35 ಎಂಎಂ ಪ್ರೈಮ್ ಲೆನ್ಸಿನಿಂದ ಶುರುಮಾಡಿ.

ಗೇಮ್, ವಿಎಫ್‌ಎಕ್ಸ್ ಕಡೆಯಿಂದ ಬಂದವರಿಗೆ ಅನ್‌ರಿಯಲ್ ಹತ್ತಿರ; ಕ್ಯಾಮೆರಾ ವಿಭಾಗದವರಿಗೆ ಟ್ರ್ಯಾಕಿಂಗ್. ಹೊಸ ಉಪಕರಣದ ಮಾಹಿತಿಯನ್ನು ಅನ್‌ರಿಯಲ್‌ಗೆ ತಲುಪಿಸುವ ಲೈವ್ ಲಿಂಕ್ ಪ್ಲಗಿನ್ ಬರೆಯುವಲ್ಲಿ ಎರಡೂ ಬೇಕು, ಆದರೆ ಸಿ++ ಪ್ರೋಗ್ರಾಮಿಂಗ್ ಬಾರದೆ ಅಲ್ಲಿಗೆ ಕೈಹಾಕಬೇಡಿ.