ಪ್ರೊಮೀಥಿಯಸ್, ಗ್ರಫಾನಾ ಜೊತೆ ಏಳು ವರ್ಷ: ಬಳಸಿದವನ ಲೆಕ್ಕ

ಪ್ರೊಮೀಥಿಯಸ್ ಅಂದರೆ ಸರ್ವರ್‌ಗಳು ಹೇಗಿವೆ ಅಂತ ಅಂಕಿಗಳಲ್ಲಿ ಬರೆದಿಡುವ ಟೂಲ್, ಗ್ರಫಾನಾ ಅಂದರೆ ಆ ಅಂಕಿಗಳನ್ನು ಗ್ರಾಫ್ ಮಾಡಿ ತೋರಿಸುವ ಟೂಲ್. ಮೊದಲೇ ಹೇಳಿಬಿಡುತ್ತೇನೆ. ಈ ಟೂಲ್‌ಗಳನ್ನು ಬರೆದವನು ನಾನಲ್ಲ, ಮಾರುವವನೂ ಅಲ್ಲ. ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುವ ನಾಲ್ಕು ಜನರಲ್ಲಿ ಒಬ್ಬ. ಖಾಸಗಿ ಬಸ್‌ನವರಿಗೆ ಸೀಟ್ ಬುಕಿಂಗ್ ಸಾಫ್ಟ್‌ವೇರ್ ಕೊಡುತ್ತೇವೆ. ಹಬ್ಬದ ಹಿಂದಿನ ದಿನ, ಉದ್ದ ರಜೆಯ ಶುಕ್ರವಾರ ಸಂಜೆ, ಎಲ್ಲರೂ ಊರಿಗೆ ಹೊರಟಾಗ ನಮ್ಮ ಸರ್ವರ್‌ಗಳಿಗೆ ಏದುಸಿರು. 2018ರ ಕೊನೆಯಲ್ಲಿ ಪ್ರೊಮೀಥಿಯಸ್ ಹಾಕಿಕೊಂಡೆವು. ಇವತ್ತಿಗೂ ಅದೇ ನಡೆಯುತ್ತಿದೆ.

ಅದಕ್ಕೂ ಮುಂಚೆ ನಾಗಿಯೋಸ್ ಇತ್ತು. 1999ರಲ್ಲಿ ನೆಟ್‌ಸೇಂಟ್ ಅನ್ನುವ ಹೆಸರಿನಲ್ಲಿ ಹುಟ್ಟಿದ ಹಳೇ ಜೀವ. ಹಸಿರು ಇದ್ದರೆ ಸರಿ, ಕೆಂಪು ಇದ್ದರೆ ಕೆಟ್ಟಿದೆ, ಅಷ್ಟೇ. ಪರದೆಯೆಲ್ಲ ಹಸಿರಾಗಿರುವಾಗಲೇ ಹುಬ್ಬಳ್ಳಿಯ ಏಜೆಂಟ್ ಒಬ್ಬರು ಫೋನ್ ಮಾಡಿ "ಸೀಟ್ ಲೇಔಟ್ ಓಪನ್ನೇ ಆಗವಲ್ದ್ರೀ ಸರ" ಅನ್ನುತ್ತಿದ್ದರು. ಮೆಷಿನ್ ಬದುಕಿದೆ, ಆದರೆ ಕೆಲಸ ಸಾಗುತ್ತಿಲ್ಲ. ನಾವು ಬರೆದಿದ್ದ ಚೆಕ್‌ಗಳಿಗೆ ಇದು ಗೊತ್ತಾಗುತ್ತಲೇ ಇರಲಿಲ್ಲ. ನಮಗೆ ಗೊತ್ತಾಗುವ ಮೊದಲು ಗಿರಾಕಿಗೆ ಗೊತ್ತಾಗುತ್ತಿತ್ತು. ಮಾನ ಹೋಗುವ ವಿಷಯ ಅಲ್ವಾ?

ಪ್ರೊಮೀಥಿಯಸ್ ಹೇಗೆ ಕೆಲಸ ಮಾಡುತ್ತೆ ಅಂತ ಹೊಸ ಹುಡುಗರು ಕೇಳಿದರೆ ನಾನು ಕರೆಂಟ್ ಮೀಟರ್ ಓದಲು ಬರುವವರನ್ನು ನೆನಪಿಸುತ್ತೇನೆ. ಮನೆಯವರು ಆಫೀಸಿಗೆ ಹೋಗಿ ರೀಡಿಂಗ್ ಕೊಡುವುದಿಲ್ಲ. ಅವರೇ ಮನೆ ಮನೆಗೆ ಬಂದು ಅಂಕಿ ಬರೆದುಕೊಂಡು ಹೋಗುತ್ತಾರೆ. ಇದೂ ಹಾಗೇ. ಪ್ರತಿ 15 ಸೆಕೆಂಡಿಗೆ ಒಂದು ಸಲ ಎಲ್ಲ ಸರ್ವರ್‌ಗಳ ಬಾಗಿಲು ತಟ್ಟಿ ಅಂಕಿ ಓದುತ್ತದೆ. ಬಾಗಿಲು ತೆಗೆಯಲಿಲ್ಲ ಅಂದರೆ ಅದನ್ನೂ ಬರೆದುಕೊಳ್ಳುತ್ತದೆ: 'ಅಪ್' ಅನ್ನುವ ಮೆಟ್ರಿಕ್, ಅಂದರೆ ಅಳತೆ, ಸೊನ್ನೆ ಆಗುತ್ತದೆ. ಒಳಗಿನ ಬಹಳಷ್ಟು ಅಂಕಿಗಳೂ ಮೀಟರ್ ಇದ್ದ ಹಾಗೇ, ಏರುತ್ತಲೇ ಹೋಗುತ್ತವೆ. ಒಟ್ಟು ಎಷ್ಟು ರಿಕ್ವೆಸ್ಟ್ ಬಂತು ಅನ್ನುವುದು ಒಂದು ದೊಡ್ಡ ಸಂಖ್ಯೆ. ಅದನ್ನು ನೋಡಿ ಏನೂ ತಿಳಿಯುವುದಿಲ್ಲ. ಹಿಂದಿನ ರೀಡಿಂಗ್ ಕಳೆದಾಗಲೇ ಬಳಕೆ ತಿಳಿಯುವುದು. 'ರೇಟ್' ಅನ್ನುವ ಫಂಕ್ಷನ್ ಮಾಡುವುದು ಇದನ್ನೇ. ಸರ್ವರ್ ರೀಸ್ಟಾರ್ಟ್ ಆಗಿ ಅಂಕಿ ಸೊನ್ನೆಗೆ ಬಂದರೆ, ಮೀಟರ್ ಬದಲಾಗಿದೆ ಅಂತ ಅದೇ ಅರ್ಥ ಮಾಡಿಕೊಳ್ಳುತ್ತದೆ.

ಇದು ಸುಮ್ನೆ ಯಾರೋ ರಜೆಯಲ್ಲಿ ಬರೆದ ಪ್ರಾಜೆಕ್ಟ್ ಅಲ್ಲ. 2012ರಲ್ಲಿ ಬರ್ಲಿನ್‌ನ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಶುರುವಾಯಿತು. ಶುರು ಮಾಡಿದ ಮ್ಯಾಟ್ ಪ್ರೌಡ್ ಮತ್ತು ಯೂಲಿಯಸ್ ಫೋಲ್ಟ್ಸ್ ಇಬ್ಬರೂ ಅದಕ್ಕೂ ಮೊದಲು ಗೂಗಲ್‌ನಲ್ಲಿದ್ದವರು. ಅಲ್ಲಿನ ಬೋರ್ಗ್‌ಮಾನ್ ಅನ್ನುವ ಒಳಗಿನ ಟೂಲ್‌ನ ಛಾಯೆ ಇದರಲ್ಲಿದೆ. 2016ರಲ್ಲಿ ಇಂಥ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳನ್ನು ನೋಡಿಕೊಳ್ಳುವ ಸಿಎನ್‌ಸಿಎಫ್ ಸಂಸ್ಥೆಯ ಅಡಿಗೆ ಬಂತು, ಕುಬರ್ನೆಟೀಸ್ ನಂತರದ ಎರಡನೇ ಪ್ರಾಜೆಕ್ಟ್ ಆಗಿ. 2017ರ ನವೆಂಬರ್‌ನಲ್ಲಿ ಬಂದ 2.0 ಆವೃತ್ತಿಯಲ್ಲಿ ಡೇಟಾ ಇಡುವ ಕ್ರಮವನ್ನೇ ಹೊಸದಾಗಿ ಬರೆದರು. ನಾವು ಬಂದದ್ದು ಅದರ ನಂತರ, ಹಾಗಾಗಿ ಹಳೇ ಕಷ್ಟ ನೋಡಲಿಲ್ಲ.

ಜಾಗದ ವಿಷಯದಲ್ಲಿ ಮಾತ್ರ ನನಗೆ ಇವತ್ತಿಗೂ ಆಶ್ಚರ್ಯ. ಒಂದು ರೀಡಿಂಗ್‌ಗೆ ಸರಾಸರಿ ಒಂದರಿಂದ ಎರಡು ಬೈಟ್ ಸಾಕು. ಈಗ ನಮ್ಮಲ್ಲಿ ಸುಮಾರು 3 ಲಕ್ಷ ಸೀರೀಸ್ ಇವೆ, ಅಂದರೆ 3 ಲಕ್ಷ ಮೀಟರ್. 15 ಸೆಕೆಂಡಿಗೊಮ್ಮೆ ಓದಿದರೆ ಸೆಕೆಂಡಿಗೆ 20 ಸಾವಿರ ರೀಡಿಂಗ್. ದಿನಕ್ಕೆ ಸುಮಾರು 2.5 ಜಿಬಿ. 90 ದಿನ ಇಟ್ಟುಕೊಳ್ಳುತ್ತೇವೆ, 250 ಜಿಬಿ ಡಿಸ್ಕ್‌ನಲ್ಲಿ ಹಿಡಿಯುತ್ತದೆ. ಹಾಕಿದ ತಕ್ಷಣ ಇದನ್ನು ನೀವೇ ಬದಲಿಸಬೇಕು, ನೆನಪಿಡಿ. ಏನೂ ಹೇಳದಿದ್ದರೆ 15 ದಿನದ ಡೇಟಾ ಮಾತ್ರ ಉಳಿಯುತ್ತದೆ. ಹೋದ ಹಬ್ಬಕ್ಕೂ ಈ ಹಬ್ಬಕ್ಕೂ ಹೋಲಿಸೋಣ ಅಂತ ಕೂತಾಗ ನಮಗೆ ಇದು ಗೊತ್ತಾಯಿತು.

ಇನ್ನು 2019ರ ದೀಪಾವಳಿ. ಶುಕ್ರವಾರ ಸಂಜೆ ಐದು ಗಂಟೆ. ಯಾವ ಬುಕಿಂಗ್ ಎಷ್ಟು ಹೊತ್ತು ತೆಗೆದುಕೊಂಡಿತು ಅಂತ ತಿಳಿಯಲಿ ಎಂದು ನಮ್ಮವನೊಬ್ಬ ಒಳ್ಳೇ ಮನಸ್ಸಿನಿಂದ ಬುಕಿಂಗ್ ನಂಬರನ್ನೇ ಲೇಬಲ್ ಮಾಡಿದ್ದ. ಲೇಬಲ್ ಅಂದರೆ ಅಂಕಿಗೆ ಅಂಟಿಸುವ ಚೀಟಿ, ಹೊಸ ಚೀಟಿ ಬಂದರೆ ಹೊಸ ಸೀರೀಸ್ ಹುಟ್ಟುತ್ತದೆ. ಕೋಡ್ ನೋಡಿ ಒಪ್ಪಿಗೆ ಕೊಟ್ಟವನು ನಾನೇ. ಮೀಟರ್ ಲೆಕ್ಕದಲ್ಲಿ ಹೇಳಬೇಕೆಂದರೆ, ಮನೆಗೆ ಬಂದು ಹೋಗುವ ಪ್ರತಿ ನೆಂಟನಿಗೂ ಒಂದೊಂದು ಮೀಟರ್ ಕೂರಿಸಿದ ಹಾಗೆ. ನೆಂಟ ಹೋದರೂ ಮೀಟರ್ ಅಲ್ಲೇ ಇರುತ್ತದೆ. ಸಾಲದ್ದಕ್ಕೆ ಅದು ಹಿಸ್ಟೋಗ್ರಾಂ ಮೆಟ್ರಿಕ್, ಅಂದರೆ ಎಷ್ಟು ಸೆಕೆಂಡಿನೊಳಗೆ ಎಷ್ಟು ಮುಗಿದವು ಅಂತ 'ಬಕೆಟ್'ಗಳಲ್ಲಿ ವಿಂಗಡಿಸಿ ಎಣಿಸುವುದು. ಮಾಮೂಲಿ ಹಿಸ್ಟೋಗ್ರಾಂ ಒಂದೇ ಲೇಬಲ್‌ಗೆ 14 ಸೀರೀಸ್ ಹುಟ್ಟಿಸುತ್ತದೆ: ಹನ್ನೊಂದು ಬಕೆಟ್, ಅದರ ಮೇಲೆ ಅನಂತದ ಬಕೆಟ್ ಒಂದು, ಮೊತ್ತ ಒಂದು, ಎಣಿಕೆ ಒಂದು. ಆ ಸಂಜೆ ಬುಕಿಂಗ್ ಪ್ರಯತ್ನಗಳು 40 ಸಾವಿರ ದಾಟಿದವು. 40 ಸಾವಿರವನ್ನು 14ರಿಂದ ಗುಣಿಸಿ: 5 ಲಕ್ಷ 60 ಸಾವಿರ ಹೊಸ ಸೀರೀಸ್.

ಪ್ರೊಮೀಥಿಯಸ್‌ಗೆ ನಾವು ಕೊಟ್ಟಿದ್ದು 4 ಜಿಬಿ ಮೆಮೊರಿ. ಸತ್ತಿತು. ಎದ್ದಿತು. ಏಳುವಾಗ ಅದು ಡಿಸ್ಕ್‌ನಲ್ಲಿ ಬರೆದಿಟ್ಟ ಹಿಂದಿನ ಕೆಲವು ಗಂಟೆಗಳ ದಾಖಲೆಯನ್ನು ಮತ್ತೆ ಮೊದಲಿನಿಂದ ಓದಿಕೊಳ್ಳುತ್ತದೆ. ಓದುವಾಗ ಮೆಮೊರಿ ಮತ್ತೆ ತುಂಬಿತು, ಮತ್ತೆ ಸತ್ತಿತು. ಹೀಗೇ ನಾಲ್ಕು ಸಲ. ವರ್ಷದಲ್ಲೇ ಜಾಸ್ತಿ ಜನ ಬರುವ ಸಂಜೆ ನಾವು ಕಣ್ಣು ಕಟ್ಟಿಕೊಂಡು ಕೂತಿದ್ದೆವು. ಕೊನೆಗೆ ಆ ದಾಖಲೆಯ ಫೋಲ್ಡರನ್ನೇ ಅಳಿಸಿ ಎಬ್ಬಿಸಿದೆವು. ಸುಮಾರು ಮೂರು ಗಂಟೆಯ ಡೇಟಾ ಹೋಯಿತು. ಬುಕಿಂಗ್ ಮಾತ್ರ ನಿಲ್ಲಲಿಲ್ಲ, ಪುಣ್ಯ.

ಆಮೇಲೆ ಕಲಿತದ್ದು ಎರಡು. ಪ್ರತಿ ಟಾರ್ಗೆಟ್‌ಗೂ, ಅಂದರೆ ತಟ್ಟುವ ಪ್ರತಿ ಬಾಗಿಲಿಗೂ, 'ಸ್ಯಾಂಪಲ್ ಲಿಮಿಟ್' ಹಾಕಿ: ಒಂದು ಸಲಕ್ಕೆ ಇಷ್ಟೇ ರೀಡಿಂಗ್ ಅನ್ನುವ ಮಿತಿ. ಮಿತಿ ದಾಟಿದರೆ ಆ ಒಂದು ಟಾರ್ಗೆಟ್‌ನ ರೀಡಿಂಗ್ ಬಿಟ್ಟುಹೋಗುತ್ತದೆ, ಊರಿಗೆಲ್ಲ ಕತ್ತಲಾಗುವುದಿಲ್ಲ. ಇನ್ನೊಂದು, ಸ್ಟೇಟಸ್ ಮೆನುವಿನಲ್ಲಿ ಟಿಎಸ್‌ಡಿಬಿ ಸ್ಟೇಟಸ್ ಅಂತ ಒಂದು ಪುಟ ಇದೆ. ಯಾವ ಲೇಬಲ್ ಎಷ್ಟು ತಿನ್ನುತ್ತಿದೆ ಅಂತ ಅಲ್ಲಿ ಕಾಣುತ್ತದೆ. ತಿಂಗಳಿಗೊಮ್ಮೆಯಾದರೂ ಇಣುಕಿ.

ಹಿಸ್ಟೋಗ್ರಾಂ ಅಂದಾಗ ಇನ್ನೊಂದು ಪೆಚ್ಚಾದ ಕಥೆ ನೆನಪಾಗುತ್ತದೆ. 100 ರಿಕ್ವೆಸ್ಟ್‌ಗಳಲ್ಲಿ 99 ಎಷ್ಟು ಸೆಕೆಂಡಿನೊಳಗೆ ಮುಗಿದವು ಅಂತ ತೋರಿಸುವ ಗ್ರಾಫ್ ಇದೆಯಲ್ಲ, ಪಿ99 ಅನ್ನುತ್ತೇವೆ. ಅದು ಕೆಲವು ರಾತ್ರಿ ಸರಿಯಾಗಿ 10 ಸೆಕೆಂಡಿಗೆ ಹೋಗಿ ಗೆರೆ ಎಳೆದಂತೆ ನಿಲ್ಲುತ್ತಿತ್ತು. ಎಲ್ಲೋ 10 ಸೆಕೆಂಡಿನ ಟೈಮ್‌ಔಟ್ ಇದೆ ಅಂತ ಎರಡು ದಿನ ಕೋಡ್ ಜಾಲಾಡಿದೆವು. ಇರಲಿಲ್ಲ. ಮಾಮೂಲಿ ಬಕೆಟ್‌ಗಳಲ್ಲಿ ಕೊನೆಯದ್ದೇ 10 ಸೆಕೆಂಡ್. ಅದಕ್ಕಿಂತ ಮೇಲೆ ಏನಾದರೂ ಇದ್ದರೂ ಲೆಕ್ಕ 10ರಲ್ಲೇ ನಿಲ್ಲುತ್ತದೆ. ಸರ್ವರ್ ಬರೆದಿಟ್ಟ ದಾಖಲೆ, ಅಂದರೆ ಲಾಗ್, ತೆಗೆದು ನೋಡಿದರೆ 28 ಸೆಕೆಂಡ್ ತೆಗೆದುಕೊಂಡ ರಿಕ್ವೆಸ್ಟ್‌ಗಳಿದ್ದವು. ಒಂದು ಕೆಜಿಗಿಂತ ಹೆಚ್ಚು ತೂಗದ ತಕ್ಕಡಿಯಲ್ಲಿ ಅಕ್ಕಿ ಮೂಟೆ ಇಟ್ಟು ಒಂದೇ ಕೆಜಿ ಅಂದುಕೊಂಡಿದ್ದೆವು. ನಿಮ್ಮ ಕೆಲಸಕ್ಕೆ ತಕ್ಕ ಬಕೆಟ್‌ಗಳನ್ನು ನೀವೇ ಬರೆಯಬೇಕು. 2022ರಲ್ಲಿ ಬಕೆಟ್‌ಗಳನ್ನು ತಾನೇ ಹೊಂದಿಸಿಕೊಳ್ಳುವ ನೇಟಿವ್ ಹಿಸ್ಟೋಗ್ರಾಂ ಪ್ರಯೋಗದ ರೂಪದಲ್ಲಿ ಬಂತು, ಅದರಲ್ಲಿ ಈ ತಲೆನೋವು ಕಡಿಮೆ.

ಪ್ರೊಮೀಥಿಯಸ್ ಎತ್ತಿದ ಎಚ್ಚರಿಕೆಗಳನ್ನು ನಮಗೆ ತಲುಪಿಸುವ ಅಲರ್ಟ್‌ಮ್ಯಾನೇಜರ್ ಬಗ್ಗೆ ನನಗೆ ಪ್ರೀತಿಯೂ ಇದೆ, ಸಿಟ್ಟೂ ಇದೆ. ಮೊದಲ ವರ್ಷ ಕಂಡದ್ದಕ್ಕೆಲ್ಲ ಅಲರ್ಟ್ ಬರೆದೆವು. ಸಿಪಿಯು 80 ಪರ್ಸೆಂಟ್ ದಾಟಿದರೆ ಅಲರ್ಟ್, ಮೆಮೊರಿ 70 ದಾಟಿದರೆ ಅಲರ್ಟ್. ಟೀಮಿನ ಗ್ರೂಪಿಗೆ ದಿನಕ್ಕೆ ಇನ್ನೂರು ಮೆಸೇಜ್. ಎರಡನೇ ವಾರದಲ್ಲಿ ಎಲ್ಲರೂ ಮ್ಯೂಟ್ ಮಾಡಿದ್ದರು. ತೋಳ ಬಂತು ತೋಳ ಅಂದ ಹುಡುಗನ ಕಥೆ ಮೂರನೇ ಕ್ಲಾಸಿನಲ್ಲಿ ಓದಿದ್ದೇವೆ, ಆದರೂ. ಡೇಟಾಬೇಸ್ ಡಿಸ್ಕ್ ತುಂಬಿದ ದಿನ ಆ ಅಲರ್ಟ್ ಕೂಡ ಬಂದಿತ್ತು, ಇನ್ನೂರರಲ್ಲಿ ಒಂದಾಗಿ. ಯಾರೂ ನೋಡಲಿಲ್ಲ.

ಈಗ ಫೋನ್ ಬಾರಿಸುವ ಅಲರ್ಟ್‌ಗಳು ಒಂಬತ್ತು ಮಾತ್ರ. ಗಿರಾಕಿಗೆ ತಟ್ಟುವ ವಿಷಯ ಆಗಿದ್ದರೆ ಮಾತ್ರ ರಾತ್ರಿ ಎಬ್ಬಿಸಬೇಕು. ಡಿಸ್ಕ್‌ಗೆ 90 ಪರ್ಸೆಂಟ್ ಅನ್ನುವ ಗೆರೆ ತೆಗೆದುಹಾಕಿದೆವು. 'ಪ್ರೆಡಿಕ್ಟ್ ಲೀನಿಯರ್' ಅನ್ನುವ ಫಂಕ್ಷನ್ ಇದೆ. ಕಳೆದ ಆರು ಗಂಟೆ ತುಂಬಿದ ವೇಗ ನೋಡಿ, ಇನ್ನು ನಾಲ್ಕು ಗಂಟೆಯಲ್ಲಿ ಖಾಲಿ ಜಾಗ ಮುಗಿಯುತ್ತದಾ ಅಂತ ಹೇಳುತ್ತದೆ. ವರ್ಷವಿಡೀ 92ರಲ್ಲೇ ನಿಂತಿರುವ ಡಿಸ್ಕ್ ಬಗ್ಗೆ ಕೂಗುವುದಿಲ್ಲ, ಗಂಟೆಗೆ 10 ಏರುತ್ತಿರುವ ಡಿಸ್ಕ್ ಬಗ್ಗೆ ಕೂಗುತ್ತದೆ. ಅಲರ್ಟ್ ಮೆಸೇಜ್‌ಗಳನ್ನು ಕನ್ನಡದಲ್ಲೇ ಬರೆದಿದ್ದೇವೆ. "ಡಿಸ್ಕ್ ತುಂಬ್ತಾ ಇದೆ, ಮೊದಲು ಹಳೇ ಬ್ಯಾಕಪ್ ಅಳಿಸು." ರಾತ್ರಿ ಮೂರು ಗಂಟೆಗೆ ಅರೆನಿದ್ದೆಯಲ್ಲಿ ಓದುವುದಕ್ಕೆ ಇದಕ್ಕಿಂತ ಸಲೀಸು ಬೇರೆ ಇಲ್ಲ. ಅಕ್ಷರ ಎಲ್ಲೂ ಒಡೆದಿಲ್ಲ.

ಕಾಟ ಕೊಟ್ಟದ್ದು ನಮ್ಮ ಅರ್ಧ ಗಂಟೆ. ಪ್ರೊಮೀಥಿಯಸ್ ಲೆಕ್ಕ ಹಾಕುವುದು ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. "ಹಗಲಲ್ಲಿ ಬುಕಿಂಗ್ ನಿಂತರೆ ಎಬ್ಬಿಸು, ಬೆಳಗಿನ ಜಾವ ನಿಂತರೆ ಬಿಡು" ಅನ್ನುವ ಸರಳ ಮಾತನ್ನು ಬರೆಯಲು, ಗಂಟೆ ಎಷ್ಟು ಅಂತ ಹೇಳುವ 'ಅವರ್' ಫಂಕ್ಷನ್‌ಗೆ ಆ ಐದೂವರೆ ಗಂಟೆಯ 19,800 ಸೆಕೆಂಡ್ ಕೂಡಿಸಿ ಕೊಡಬೇಕಾಯಿತು. ಈಗ ಅಲರ್ಟ್‌ಮ್ಯಾನೇಜರ್‌ನಲ್ಲಿ ಸಮಯದ ಜೊತೆ ಏಷ್ಯಾ, ಕೋಲ್ಕತಾ ಅಂತ ಜಾಗ ಬರೆಯಬಹುದು. ಹಳೇ ರೂಲ್‌ಗಳಲ್ಲಿ ಆ 19,800 ಇನ್ನೂ ಹಾಗೇ ಇದೆ, ಯಾರೂ ಮುಟ್ಟುವುದಿಲ್ಲ.

ಕಾವಲುಗಾರನೇ ನಿದ್ದೆ ಹೋದರೆ ಏನು ಮಾಡೋದು? ಇದಕ್ಕೆ ಒಂದು ಚಂದದ ಉಪಾಯ ಇದೆ. ಯಾವಾಗಲೂ ಹೊಡೆದುಕೊಳ್ಳುತ್ತಲೇ ಇರುವ ಒಂದು ಸುಳ್ಳು ಅಲರ್ಟ್ ಇಟ್ಟು, ಅದನ್ನು ಹೊರಗಿನ ಬೇರೊಂದು ಕಡೆಗೆ ಕಳಿಸಿ. ಅದು ಬರುವುದು ನಿಂತರೆ ಅವರು ನಿಮಗೆ ಫೋನ್ ಮಾಡುತ್ತಾರೆ. ದೀಪಾವಳಿ ಆದ ಮರುವಾರವೇ ಹಾಕಿದೆವು.

ಗ್ರಫಾನಾಗೆ ಬರೋಣ. ಸ್ವೀಡನ್ನಿನ ಟಾರ್ಕೆಲ್ ಓಡೆಗಾರ್ಡ್ ಕಿಬಾನಾ 3 ಅನ್ನುವ ಇನ್ನೊಂದು ಗ್ರಾಫ್ ಟೂಲ್‌ನ ಕೋಡ್ ತೆಗೆದುಕೊಂಡು ಶುರು ಮಾಡಿದ್ದು, ಮೊದಲ ಬಿಡುಗಡೆ 2014ರಲ್ಲಿ. ಚಂದ ಇದೆ, ಒಪ್ಪುತ್ತೇನೆ. ಆದರೆ ಆ ಚಂದದಿಂದಲೇ ಅಪಾಯ. 1860ನೇ ನಂಬರಿನ ರೆಡಿಮೇಡ್ ಡ್ಯಾಶ್‌ಬೋರ್ಡ್, ಅಂದರೆ ಗ್ರಾಫ್‌ಗಳ ಪರದೆ, ಇದೆ, ಒಂದು ಲಿನಕ್ಸ್ ಮೆಷಿನ್ ಬಗ್ಗೆ ಏನುಂಟೋ ಎಲ್ಲವನ್ನೂ ತೋರಿಸುತ್ತದೆ. ಅದನ್ನು ಹಾಕಿಕೊಂಡ ದಿನ ಮ್ಯಾನೇಜರ್ ಬಂದು ಟಿವಿಯಲ್ಲಿ ಹಾಕಿ ಅಂದರು. ಹಾಕಿದೆವು. ಟಿವಿ ಮುಂದೆ ಒಂದು ವಾರ ನಿಂತರು, ಆಮೇಲೆ ಅದರಲ್ಲಿ ಕ್ರಿಕೆಟ್ ಬರತೊಡಗಿತು. ನಮ್ಮಲ್ಲಿ 64 ಡ್ಯಾಶ್‌ಬೋರ್ಡ್‌ಗಳಿವೆ. ನಾನು ತೆರೆಯುವುದು ಐದು. ಆ ಐದನ್ನು ಹಳೇ ಪ್ರತಿಗಳನ್ನೆಲ್ಲ ಉಳಿಸಿಡುವ ಗಿಟ್‌ನಲ್ಲಿ ಇಟ್ಟಿದ್ದೇವೆ, ಯಾರಾದರೂ ಕೈಯಾಡಿಸಿ ಕೆಡಿಸಿದರೆ ಮತ್ತೆ ಬರುತ್ತದೆ.

ಆವೃತ್ತಿ ಬದಲಿಸುವಾಗ ಸ್ವಲ್ಪ ಜೋಪಾನ. ಗ್ರಫಾನಾ 11ರಲ್ಲಿ, ಆಂಗ್ಯುಲರ್ ಅನ್ನುವ ಹಳೇ ತಂತ್ರದಲ್ಲಿ ಬರೆದ ಪ್ಲಗಿನ್‌ಗಳನ್ನು ಮೊದಲೇ ಆಫ್ ಮಾಡಿ ಕೊಡುತ್ತಿದ್ದರು, 12ರಲ್ಲಿ ಪೂರ್ತಿ ತೆಗೆದರು. ವರ್ಷಗಟ್ಟಲೆ ಎಚ್ಚರಿಕೆ ಪರದೆ ಮೇಲೇ ಇತ್ತು, ನಾವು ಓದದೆ ಮುಚ್ಚುತ್ತಿದ್ದೆವು. ಎರಡು ಪ್ಯಾನೆಲ್ ಖಾಲಿಯಾದಾಗ ದೂರಲು ಯಾರೂ ಸಿಗಲಿಲ್ಲ. ಲೈಸೆನ್ಸ್ ಕೂಡ ಗಮನಿಸಿ. ಪ್ರೊಮೀಥಿಯಸ್ ಅಪಾಚೆ 2.0. ಗ್ರಫಾನಾ ಮತ್ತು ಲಾಗ್ ಇಡುವ ಲೋಕಿ 2021ರಿಂದ ಎಜಿಪಿಎಲ್, ಅಂದರೆ ತಿದ್ದಿ ಬೇರೆಯವರಿಗೆ ಕೊಟ್ಟರೆ ಆ ಕೋಡನ್ನೂ ಕೊಡಬೇಕು ಅನ್ನುವ ಲೈಸೆನ್ಸ್. ನಮ್ಮ ಹಾಗೆ ಬದಲಿಸದೆ ಒಳಗಡೆ ಬಳಸುವವರಿಗೆ ತೊಂದರೆ ಇಲ್ಲ. ತಿದ್ದಿ ಗಿರಾಕಿಗಳಿಗೆ ಕೊಡುವ ಯೋಚನೆ ಇದ್ದರೆ ವಕೀಲರನ್ನು ಕೇಳಿ, ನನ್ನನ್ನಲ್ಲ.

ಲಾಗ್‌ಗೆ ಲೋಕಿ ಇದೆ. ಲೇಬಲ್‌ಗಳಿಗೆ ಮಾತ್ರ ಇಂಡೆಕ್ಸ್ ಮಾಡುತ್ತದೆ, ಒಳಗಿನ ಸಾಲುಗಳನ್ನು ಸುತ್ತಿ ಮೂಲೆಗಿಡುತ್ತದೆ. ಅದಕ್ಕೇ ಅಗ್ಗ. ಇವತ್ತಿನ ಲಾಗ್ ಥಟ್ಟನೆ ಸಿಗುತ್ತದೆ. ಹೋದ ತಿಂಗಳ ಒಂದು ಬುಕಿಂಗ್ ನಂಬರ್ ಹುಡುಕು ಅಂದರೆ ಕಾಫಿ ಕುಡಿದು ಬನ್ನಿ. ಲಾಗ್ ಕಳಿಸಲು ಪ್ರಾಮ್‌ಟೇಲ್ ಬಳಸುತ್ತಿದ್ದೆವು, ಈಗ ಅದರ ಜಾಗಕ್ಕೆ ಅಲಾಯ್ ಬಂದಿದೆ. ಬದಲಾಯಿಸಲು ಒಂದು ವಾರ ಹಿಡಿಯಿತು.

ಟ್ರೇಸಿಂಗ್, ಅಂದರೆ ಒಂದು ರಿಕ್ವೆಸ್ಟ್ ಯಾವ ಯಾವ ಸರ್ವೀಸ್ ಹಾದು ಹೋಯಿತು ಅಂತ ಹಿಂಬಾಲಿಸುವುದು, ಅದರ ಬಗ್ಗೆ ಹೆಚ್ಚು ಹೇಳಲಾರೆ. ಊಬರ್‌ನಲ್ಲಿ ಹುಟ್ಟಿದ ಯೇಗರ್ ಹಾಕಿ ನೋಡಿದೆವು. ನಮ್ಮಲ್ಲಿರುವುದು ಮೂರೇ ಸರ್ವೀಸ್, ಅಷ್ಟಕ್ಕೆ ಅದು ಬೇಕಾಗಲಿಲ್ಲ. ಇಪ್ಪತ್ತು ಮೂವತ್ತು ಸರ್ವೀಸ್ ಇರುವವರು ಓಪನ್‌ಟೆಲಿಮೆಟ್ರಿಯಿಂದ ಶುರು ಮಾಡಿ. ಓಪನ್‌ಟ್ರೇಸಿಂಗ್ ಮತ್ತು ಓಪನ್‌ಸೆನ್ಸಸ್ ಅನ್ನುವ ಎರಡು ಹಳೇ ಪ್ರಾಜೆಕ್ಟ್‌ಗಳು 2019ರಲ್ಲಿ ಸೇರಿ ಆದದ್ದು ಅದು. ಕೋಡಿನಲ್ಲಿ ಒಮ್ಮೆ ಹಾಕಿದರೆ ಡೇಟಾ ಹೋಗಿ ಸೇರುವ ಟೂಲನ್ನು ಆಮೇಲೆ ಬದಲಿಸುವುದು ಸುಲಭ. ಮೆಟ್ರಿಕ್, ಲಾಗ್, ಟ್ರೇಸ್ ಮೂರೂ ಒಂದೇ ಕಡೆ ಬೇಕು ಅಂದರೆ ಬೆಂಗಳೂರಿನಲ್ಲಿ ಬೇರಿರುವ ಸಿಗ್‌ನೋಜ್ ಇದೆ, ಓಪನ್‌ಟೆಲಿಮೆಟ್ರಿ ಮೇಲೇ ಕಟ್ಟಿದ್ದು. ನಾನು ಒಂದು ವಾರ ಮಾತ್ರ ಆಡಿಸಿ ನೋಡಿದ್ದೇನೆ.

ದುಡ್ಡಿನ ವಿಷಯ. ಲೈಸೆನ್ಸ್‌ಗೆ ಒಂದು ಪೈಸೆ ಕೊಟ್ಟಿಲ್ಲ. ಮೆಷಿನ್‌ಗಳ ಬಾಡಿಗೆ ಇದೆ. ಅದಲ್ಲದೆ ನಾಲ್ವರಲ್ಲಿ ಒಬ್ಬರ ವಾರದ ಅರ್ಧ ದಿನ ಇದಕ್ಕೇ ಹೋಗುತ್ತದೆ: ಅಪ್‌ಗ್ರೇಡ್, ಹೊಸ ರೂಲ್, ಸುಳ್ಳು ಅಲರ್ಟ್ ತಿದ್ದುವುದು. ಒಮ್ಮೆ ಒಂದು ಪೇಯ್ಡ್ ಸೇವೆಯ ಲೆಕ್ಕ ಹಾಕಿಸಿದೆವು. ಮೆಷಿನ್‌ಗೆ ತಿಂಗಳಿಗೆ ಇಷ್ಟು ಡಾಲರ್ ಅಂತ. ಹಬ್ಬಕ್ಕೆ ಮೆಷಿನ್ ಮೂರು ಪಟ್ಟು ಏರಿಸುವ ನಮಗೆ ಆ ಮೊತ್ತ ನೋಡಿ ಮಾತೇ ಬರಲಿಲ್ಲ. ಆದರೆ ಆ ಅರ್ಧ ದಿನ ಕೊಡಲು ನಿಮ್ಮಲ್ಲಿ ಜನ ಇಲ್ಲದಿದ್ದರೆ ಪೇಯ್ಡ್ ಸೇವೆಯೇ ಅಗ್ಗ ಬೀಳಬಹುದು.

ಹೋದ ವರ್ಷ ಪ್ರೊಮೀಥಿಯಸ್ 3.0ಗೆ ಏರಿದೆವು. ಮೆಟ್ರಿಕ್ ಹೆಸರಲ್ಲಿ ಈಗ ಯಾವ ಭಾಷೆಯ ಅಕ್ಷರವೂ ನಡೆಯುತ್ತದೆ. ತಮಾಷೆಗೆ 'ಖಾಲಿ_ಸೀಟು' ಅಂತ ಒಂದು ಮೆಟ್ರಿಕ್ ಮಾಡಿದೆವು. ಚೆನ್ನಾಗೇ ಓಡುತ್ತಿದೆ.

ಅಂಕ ಕೇಳಿದರೆ ಐದಕ್ಕೆ ಪ್ರೊಮೀಥಿಯಸ್‌ಗೆ ನಾಲ್ಕೂವರೆ, ಅಲರ್ಟ್‌ಮ್ಯಾನೇಜರ್‌ಗೆ ನಾಲ್ಕು, ಗ್ರಫಾನಾಗೆ ನಾಲ್ಕು, ಲೋಕಿಗೆ ಮೂರೂವರೆ. ಒಂದೋ ಎರಡೋ ಸೈಟ್ ಇರುವವರು ಇದ್ಯಾವುದನ್ನೂ ಹಾಕಬೇಡಿ. ಶಿವಮೊಗ್ಗದಲ್ಲಿ ನಮ್ಮ ಭಾವನ ಅಂಗಡಿಗೊಂದು ಸೈಟ್ ಇದೆ. ಅದಕ್ಕೆ ಅಪ್‌ಟೈಮ್ ಕುಮಾ ಅನ್ನುವ ಚಿಕ್ಕ ಓಪನ್ ಸೋರ್ಸ್ ಟೂಲ್ ಹಾಕಿಕೊಟ್ಟೆ, ಅರ್ಧ ಗಂಟೆಯ ಕೆಲಸ. ಸೈಟ್ ಬಿದ್ದರೆ ಭಾವನಿಗೆ ಟೆಲಿಗ್ರಾಂನಲ್ಲಿ ಮೆಸೇಜ್ ಹೋಗುತ್ತದೆ. ಅವರು ಅದನ್ನು ಹಾಗೇ ನನಗೆ ಫಾರ್ವರ್ಡ್ ಮಾಡುತ್ತಾರೆ.